ಕಥೆಗೆ ಸಲಹೆ ಬೇಕು: ಬೆಟ್ಟದ ದೈವಮೃಗ, ಅದರ ಬೆನ್ನು ಬಿದ್ದ ಪಂಥ. ಯಾವ ಪ್ರಾಣಿ ಇಡ್ಲಿ?

ಇರುಳ್ಗತೆ_ಕೊರಟಗೆರೆ

ಎಲ್ರಿಗೂ ನಮಸ್ಕಾರ. ಒಂದು ಧಾರಾವಾಹಿ ಕಥೆ ಬರೀತಿದ್ದೀನಿ, ವಾರಕ್ಕೊಂದು ಕಂತು. ಜಾಗ ಸಿದ್ಧರಬೆಟ್ಟದ ಆಸುಪಾಸು ಅಂದ್ಕೊಳ್ಳಿ, ಊರು ಮಾತ್ರ ಕಟ್ಟಿದ್ದು. ಬೆಟ್ಟದಲ್ಲಿ ಒಂದು ಪ್ರಾಣಿ ಇದೆ. ಅದು ಊರಮ್ಮನ ಜೀವ, ಅದು ಉಸಿರಾಡೋವರೆಗೆ ಊರಿಗೆ ಕೇಡಿಲ್ಲ ಅನ್ನೋದು ಊರವರ ನಂಬಿಕೆ. ಅದನ್ನ ಹಿಡಿಯೋಕೆ ಒಂದು ಗುಪ್ತ ಪಂಥ ತಲೆತಲಾಂತರದಿಂದ ಅಲೀತಿದೆ. ಹೆಸರು ‘ನಾಥನೇತ್ರ ಪಂಥ’. ಆ ಪ್ರಾಣಿ ಕಣ್ಣಿಂದ ಅಂಜನ ಮಾಡಿ ಹಚ್ಕೊಂಡ್ರೆ ನೆಲದೊಳಗಿನ ನಿಧಿ ಕಾಣುತ್ತೆ ಅಂತ ಅವರು ನಂಬಿದ್ದಾರೆ.

ಸದ್ಯಕ್ಕೆ ಪ್ರಾಣಿ ಅಂತ ಇಟ್ಟಿರೋದು ಬಿಳೀ ಕಾಡುಪಾಪ. ರಾತ್ರಿ ಓಡಾಟ, ಮುಖದ ತುಂಬಾ ಕಣ್ಣು, ಜೊತೆಗೆ ನಮ್ಮ ಕಡೆಯದ್ದೇ ಜೀವ. ಆದ್ರೆ ಬರೆದಷ್ಟೂ ಪಂಥದವರು ಹಳೇ ಸಿನಿಮಾ ಮಂತ್ರವಾದಿಗಳ ಥರಾನೇ ಆಗ್ತಿದ್ದಾರೆ. ಕಪ್ಪು ಪಂಚೆ, ತಲೆಬುರುಡೆ, ಕುಂಕುಮದ ನಿಂಬೆಹಣ್ಣು. ಮೊದಲ ಕಂತು ಓದಿದೋರು ಯಾರಾದ್ರೂ ಇದ್ರೆ ಹೇಳಿ, ಪ್ರಾಣಿ ಬದಲಿಸ್ಲಾ, ಪಂಥ ಬದಲಿಸ್ಲಾ?

ತಟ್ಟೆಇಡ್ಲಿ_ಡಬಲ್‌ಬೆಣ್ಣೆ

‘ಯಾವ ಪ್ರಾಣಿ ಇಡ್ಲಿ’ ಅಂತ ನೋಡಿ ಒಳಗೆ ಬಂದೆ. ಕ್ಯಾತ್ಸಂದ್ರದ್ದು ಇಡಿ ಗುರು.

ಹಳೇ_ಟಾರ್ಚು

ಮೊದಲ ಕಂತು ಓದಿದೆ. ಭಾಷೆ ಚೆನ್ನಾಗಿದೆ. ಆದ್ರೆ ಕಾಡುಪಾಪ ಬಂಡೆಯಿಂದ ಬಂಡೆಗೆ ಹಾರುತ್ತೆ ಅಂತ ಬರೆದಿದ್ದೀರಿ. ಅದು ಹಾರಲ್ಲ ಸಾರ್. ಕೊಂಬೆಯಿಂದ ಕೊಂಬೆಗೆ ಕೈ ಚಾಚಿ, ಹಿಡಿತ ಸಿಕ್ಕ ಮೇಲೇನೇ ಹಿಂದಿನ ಕಾಲು ಬಿಡುತ್ತೆ. ಎರಡು ಮರದ ಕೊಂಬೆ ಒಂದಕ್ಕೊಂದು ತಾಗ್ತಿರ್ಬೇಕು. ಮಧ್ಯೆ ಒಂದು ಮರ ಕಡಿದ್ರೆ ಅದರ ದಾರಿನೇ ಕಟ್. ಬಾಲಾನೂ ಇಲ್ಲ. ನೀವು ‘ಬಾಲ ಬೀಸಿ’ ಅಂತಾನೂ ಬರೆದಿದ್ದೀರಿ.

ನಾವು ಒಂದಷ್ಟು ಜನ ರಾತ್ರಿ ಹೊತ್ತು ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ಕೊಂಡು ನೋಡೋಕೆ ಹೋಗ್ತೀವಿ, ಬಿಳಿ ಬೆಳಕು ಅದರ ಕಣ್ಣಿಗೆ ಹಿಂಸೆ. ಹುಣಸೇ ತೋಪಲ್ಲಿ, ಜಾಲಿ ಪೊದೆಯಲ್ಲಿ ಮೊದಲು ಕಾಣೋದು ಎರಡು ಕೆಂಡದ ಚುಕ್ಕೆ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ್ರೆ ಅದು ಮತ್ತೆ ಕೆಲಸ ಶುರು ಮಾಡುತ್ತೆ: ತೊಗಟೆ ಮೇಲಿನ ಹುಳನ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಗಟ್ಟಿ ಮುಚ್ಕೊಂಡು ಅಗಿಯುತ್ತೆ. ಕಾಲು ಕೆಜಿ ತೂಗಿದ್ರೆ ಹೆಚ್ಚು. ತುಮಕೂರು ಪಕ್ಕದ ನಾಗವಲ್ಲಿ ಕಡೆ ಕಾಡಂತೂ ಬೇಡ, ಊರಿನ ತೋಟದ ಮರಗಳಲ್ಲೇ ಇವೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಕಣ್ಣು, ಅಂಜನ, ನಿಧಿ ಅಂತ ಬರೀಬೇಡಿ. ಇದನ್ನ ನಂಬ್ಕೊಂಡೇ ಜನ ಇವತ್ತಿಗೂ ಕಾಡುಪಾಪನ ಹಿಡೀತಾರೆ. ಮಾಟಕ್ಕೆ ಅಂತ, ವಶೀಕರಣಕ್ಕೆ ಅಂತ, ಯಾರ ಮೇಲೋ ಇರೋ ಹಗೆಗೆ ಇದರ ಮೈಗೆ ಸೂಜಿ ಚುಚ್ಚಿ ಹಿಂಸೆ ಕೊಡ್ತಾರೆ. ನಿಮ್ಮ ಪಂಥ ನಿಮಗೆ ಕಲ್ಪನೆ, ಅದಕ್ಕೆ ನಿಜ.

ಪಾವಗಡ_ಸೋಲಾರ್

ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಕಥೆ ಓದಿ ಯಾರ್ ಸಾರ್ ಬಲೆ ತಗೊಂಡು ತೋಪಿಗೆ ಹೋಗ್ತಾರೆ? ಹಿಡಿಯೋನು ಕಥೆ ಓದಲ್ಲ, ಓದೋನು ಹಿಡಿಯಲ್ಲ. ಹಂಗೆ ನೋಡಿದ್ರೆ ಕೊಲೆ ಕಥೆನೂ ಬರೀಬಾರ್ದು.

ಹಳೇ_ಟಾರ್ಚು

ಸೋಲಾರ್ ಅಣ್ಣ, ಎರಡು ತಲೆ ಹಾವಿನ ವ್ಯಾಪಾರ ಹೆಂಗೆ ಶುರು ಆಯ್ತು ಹೇಳಿ. ಮಣ್ಣುಮುಕ್ಕ ಪಾಪದ ಹಾವು, ವಿಷ ಇಲ್ಲ, ಬಾಲ ಮೊಂಡಾಗಿ ತಲೆ ಥರ ಕಾಣುತ್ತೆ ಅಷ್ಟೇ. ‘ಕೋಟಿಗೆ ಹೋಗುತ್ತೆ’ ಅಂತ ಯಾರೋ ಯಾರಿಗೋ ಹೇಳಿದ ಕಥೆ. ಕೋಟಿ ಕೊಟ್ಟೋನನ್ನ ಇವತ್ತಿನವರೆಗೂ ಯಾರೂ ನೋಡಿಲ್ಲ. ಹಾವು ಮಾತ್ರ ಗೋಣಿಚೀಲದಲ್ಲಿ ಸಿಕ್ತಾನೇ ಇರ್ತವೆ. ಕಥೆ ಓದೋನು ಹಿಡಿಯಲ್ಲ ನಿಜ. ಆದ್ರೆ ಓದೋನು ಟೀ ಅಂಗಡಿಯಲ್ಲಿ ಹೇಳ್ತಾನೆ, ಅಲ್ಲಿ ಕೇಳಿಸ್ಕೊಂಡೋನು ಹಿಡೀತಾನೆ.

ಕರಿಕೋಟು_ತುಮಕೂರು

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡ್ತೀನಿ. ಕಾಡುಪಾಪ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ. ಮೂರರಿಂದ ಏಳು ವರ್ಷ ಜೈಲು. ನಿಧಿಗಾಗಿ ವಾಮಾಚಾರ ಮಾಡೋದಂತೂ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ವಾಮಾಚಾರ ನಿಷೇಧ ಕಾಯ್ದೆಯಲ್ಲಿ ಪ್ರತ್ಯೇಕ ಅಪರಾಧ. ಪಂಥದವರು ಸಿಕ್ಕಿಬಿದ್ರೆ ಎರಡೂ ಕಡೆ ಕೇಸು. ಕಥೆ ಬರೆಯೋದಕ್ಕೆ ಯಾವ ಅಡ್ಡಿಯೂ ಇಲ್ಲ. ಹಳೇ_ಟಾರ್ಚು ಹೇಳ್ತಿರೋದು ಕಾನೂನಲ್ಲ, ವಿವೇಕ.

ಶಾಸನ_ಹುಚ್ಚ

ಪಂಥದ ಹೆಸರಿನ ಬಗ್ಗೆ ನನ್ನ ತಕರಾರು. ನಾಥ ಪರಂಪರೆ ಕಲ್ಪನೆಯಲ್ಲ, ಈಗಲೂ ಜೀವಂತವಾಗಿರುವಂಥದ್ದು. ಆದಿಚುಂಚನಗಿರಿ ಮಠ ಆ ಪರಂಪರೆಯದೇ. ಸಿದ್ಧರಬೆಟ್ಟದ ಗುಹೆಗಳಲ್ಲಿ ಸಿದ್ಧರು ತಪಸ್ಸು ಮಾಡಿದರೆಂದು ನಂಬಿ ಇಂದಿಗೂ ಜನ ಹತ್ತುತ್ತಾರೆ, ಔಷಧಿ ಗಿಡಗಳನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಅಂಥ ಬೆಟ್ಟದ ಬುಡದಲ್ಲಿ ‘ನಾಥ’ ಎಂಬ ಹೆಸರಿನ ಕೊಲೆಗಡುಕರನ್ನು ನಿಲ್ಲಿಸಿದರೆ ಓದುಗ ಕಥೆಯನ್ನು ಬಿಟ್ಟು ನಿಮ್ಮೊಡನೆ ಜಗಳಕ್ಕೆ ನಿಲ್ಲುತ್ತಾನೆ. ಕಾಪಾಲಿಕ, ಅವಧೂತ, ಸಿದ್ಧ, ಯಾವುದೂ ಬೇಡ. ಹೊಸ ಹೆಸರನ್ನೇ ಕಟ್ಟಿ.

ಗುಡಿಬಂಡೆ_ಗಾಳಿ

ಶಾಸನ ಅವರ ಮಾತಿಗೆ ನಂದೂ ಒಂದು. ಎರಡನೇ ಕಂತಲ್ಲಿ ಪಂಥದವರಿಗೆ ದಾರಿ ತೋರಿಸೋ ಅಲೆಮಾರಿ ಬಲೆಗಾರ ಬರ್ತಾನಲ್ಲ, ಅವನನ್ನ ತೆಗೀರಿ. ಹಕ್ಕಿಪಿಕ್ಕಿಯವರನ್ನ ನೋಡಿ ಬರೆದಿದ್ದೀರಿ ಅಂತ ಓದಿದೋರಿಗೆಲ್ಲ ಗೊತ್ತಾಗುತ್ತೆ. ಎಲ್ಲಿ ಏನು ಕಳುವಾದ್ರೂ, ಏನು ಸತ್ರೂ ಮೊದಲು ಅವರ ಗುಡಿಸಲಿಗೇ ಹೋಗಿ ನಿಲ್ತಾರೆ. ಕಥೆಯಲ್ಲೂ ಅದೇ ಯಾಕೆ? ದುಡ್ಡಿರೋನೇ ಪಂಥ ಕಟ್ಲಿ. ದೊಡ್ಡ ಕಾರು, ಬಿಳೀ ಷರ್ಟು, ಕೈಯಲ್ಲಿ ನವರತ್ನದ ಉಂಗುರ, ಎಲ್ಲರ ಜೊತೆ ‘ನಾವೆಲ್ಲ ಒಂದೇ ಊರಿನೋರಲ್ವಾ’ ಅಂತ ಮಾತಾಡೋನು. ಅಂಥೋನನ್ನ ಕಂಡ್ರೆ ನನಗೆ ಹೆಚ್ಚು ಭಯ.

ಇರುಳ್ಗತೆ_ಕೊರಟಗೆರೆ

ಅಬ್ಬಾ, ಪ್ರಾಣಿ ಹೋಯ್ತು, ಹೆಸರು ಹೋಯ್ತು, ಬಲೆಗಾರ ಹೋದ. ಉಳಿದಿದ್ದು ಬೆಟ್ಟ ಒಂದೇ. 😄 ಬಿಳೀ ಷರ್ಟಿನವನು ಇಷ್ಟ ಆದ. ಮುಂದುವರಿಸಿ.

ಬಂಗಾರಪೇಟೆ_ಬಿಳಿಪಾನಿ

ನಮ್ ಕೋಲಾರದ ಕಡೆಯಿಂದ ಒಂದು ಮಾತು. ನಿಧಿ ಅನ್ನೋದು ಸವೆದುಹೋದ ಆಸೆ ಅಣ್ಣ. ನಂದಿ ಕಲ್ಲು ಕಂಡ್ರೆ ಬುಡ ಅಗೆಯೋರು ಇನ್ನೂ ಇದ್ದಾರೆ, ಇಲ್ಲ ಅನ್ನಲ್ಲ. ಚಿನ್ನ ಅಂತೀರಾ, ಕೆ.ಜಿ.ಎಫ್. ಗಣಿ 2001ರಲ್ಲೇ ಮುಚ್ಚಿದ್ರು. ಈಗ ನಮ್ಮ ಕಡೆ ಮನುಷ್ಯ ನಿದ್ದೆ ಬಿಡೋದು ಒಂದಕ್ಕೇ: ನೀರು. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸ್ತಾರೆ, ಧೂಳು ಬಿಟ್ಟು ಇನ್ನೇನೂ ಬರಲ್ಲ. ಒಡವೆ ಗಿರವಿ ಇಟ್ಟು ಒಂದು, ಅದು ಫೇಲಾಯ್ತು ಅಂತ ಜಮೀನು ಬರೆದುಕೊಟ್ಟು ಇನ್ನೊಂದು. ವರ್ಷಪೂರ್ತಿ ಹರಿಯೋ ನದಿ ಅನ್ನೋದೇ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಕೆ.ಸಿ. ವ್ಯಾಲಿ ಅಂತ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೆರೆಗೆ ಬಿಡ್ತಿದ್ದಾರೆ, ಅದರ ಬಗ್ಗೆ ಜಗಳ ಬೇರೆ.

ನಿಮ್ಮ ಪಂಥ ನೀರಿನ ಪಂಥ ಆಗ್ಲಿ. ಆ ಪ್ರಾಣಿ ಎಲ್ಲಿ ಮಲಗುತ್ತೋ ಅಲ್ಲಿ ನೀರಿರುತ್ತೆ. ಅದನ್ನ ಕೊಂದು ತಿಂದೋನಿಗೆ ನೆಲದಡಿ ನೀರಿನ ಸದ್ದು ಕೇಳುತ್ತೆ. ಈಗ ಹೇಳಿ, ಆ ಬಿಳೀ ಷರ್ಟಿನವನು ಊರಿಗೆ ಯಾವ ವೇಷದಲ್ಲಿ ಬರ್ತಾನೆ?

ಬಾಗೇಪಲ್ಲಿ_ಬಿಸಿಲು

ಬೋರ್ ಪಾಯಿಂಟ್ ನೋಡೋನಾಗಿ!!!

ಬಂಗಾರಪೇಟೆ_ಬಿಳಿಪಾನಿ

ಅಷ್ಟೇ! ಅಂಗೈ ಮೇಲೆ ತೆಂಗಿನಕಾಯಿ ಮಲಗಿಸ್ಕೊಂಡು ಹೊಲದ ತುಂಬಾ ನಡೀತಾನೆ, ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡಿಸ್ತಾನೆ. ಇನ್ನೊಬ್ಬ ಬೇವಿನ ಕವಲು ಕಡ್ಡಿ ಹಿಡೀತಾನೆ. ಊರೇ ಅವನ ಹಿಂದೆ ನಡೆಯುತ್ತೆ, ಯಾರೂ ಅನುಮಾನ ಪಡಲ್ಲ, ಮೇಲೆ ಊಟ ಹಾಕಿ ದುಡ್ಡು ಕೊಡ್ತಾರೆ.

ತಟ್ಟೆಇಡ್ಲಿ_ಡಬಲ್‌ಬೆಣ್ಣೆ

ನಮ್ಮ ದೊಡ್ಡಪ್ಪನ ಹೊಲದಲ್ಲಿ ಕಾಯಿ ಎದ್ದು ನಿಂತಿತ್ತು. ನೀರು ಬರ್ಲಿಲ್ಲ. ಕಾಯಿ ಮಾತ್ರ ಆಮೇಲೆ ಚಟ್ನಿಗೆ ಬಂತು.

ಕರಿಕೋಟು_ತುಮಕೂರು

ನೀರು ಅಂದ್ರೆ ನಮ್ಮ ಜಿಲ್ಲೆನೂ ಕೈಬಿಡಬೇಡಿ. ಜಯಮಂಗಲಿ, ಶಿಂಷಾ ಎರಡೂ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟೋದು. ಕೆಳಗೆ ನಾಮದ ಚಿಲುಮೆ, ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರಿಲ್ಲ ಅಂತ ಬಂಡೆಗೆ ಬಾಣ ಬಿಟ್ಟು ತರಿಸಿದ ನೀರು ಅಂತ ಪ್ರತೀತಿ.

ಬಂಗಾರಪೇಟೆ_ಬಿಳಿಪಾನಿ

ಹಂಗಾದ್ರೆ ನಮ್ಮ ಅಂತರಗಂಗೆನೂ ಸೇರಿಸಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳ್ತಾನೇ ಇರುತ್ತೆ. ಎಲ್ಲಿಂದ ಬರುತ್ತೆ ಅಂತ ಚಿಕ್ಕಂದಿನಲ್ಲಿ ಬಸವನ ಬಾಯೊಳಗೆ ಕೈ ಹಾಕಿ ಬೈಸ್ಕೊಂಡಿದ್ದೀವಿ.

ಗುಡಿಬಂಡೆ_ಗಾಳಿ

ಹೊಳೆ ಹುಟ್ಟೋ ಲೆಕ್ಕದಲ್ಲಿ ನಂದಿಬೆಟ್ಟದ ಮುಂದೆ ನೀವಿಬ್ಬರೂ ಸುಮ್ನೆ ಕೂತ್ಕೊಳ್ಳಿ. ಪೆನ್ನಾರ್, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ. ಎಲ್ಲಾ ಆ ಬೆಟ್ಟಸಾಲಿನವೇ. ಬೇಸಿಗೆಯಲ್ಲಿ ಒಂದರಲ್ಲೂ ಕಾಲು ನೆನೆಯಲ್ಲ ಅನ್ನೋದು ಬೇರೆ ಮಾತು.

ಇರುಳ್ಗತೆ_ಕೊರಟಗೆರೆ

ನೀರಿನ ಪಂಥ ಪಕ್ಕಾ. ಹೆಸರು ‘ಒರತೆಯವರು’ ಅಂತ ಇಡ್ತೀನಿ, ಕೇಳಿದ್ರೆ ಯಾವುದೋ ಮನೆತನದ ಹೆಸರಿನ ಥರ ಇದೆ, ಅದೇ ಬೇಕು. ನಿಧಿ, ಅಂಜನ ಎಲ್ಲ ಕಿತ್ತುಹಾಕ್ತಿದ್ದೀನಿ. ಈಗ ಪ್ರಾಣಿ?

ಕೋಲಾರಮ್ಮನ_ಮೊಮ್ಮಗ

ಚೇಳು. ಇನ್ನೇನು ಯೋಚನೆ? ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ, ಚೇಳು ಕಡಿಯದೇ ಇರ್ಲಿ ಅಂತ ಜನ ಕಾಣಿಕೆ ಹಾಕ್ತಾರೆ, ಅಲ್ಲಿ ಹುಂಡಿ ನೆಲದಲ್ಲೇ ಇದೆ. ಎಮ್ಮೆಗಾತ್ರದ ಕರಿಚೇಳು, ಬಂಡೆ ಎತ್ತಿದ್ರೆ ಕೆಳಗಿಂದ ಬರುತ್ತೆ. ಓದುಗ ಚಾಪೆ ಒದರಿ ಮಲಗ್ತಾನೆ.

ಬೆಟ್ಟಹತ್ತೋ_ಟೀಚರ್

ಕೋಲಾರ ಅಂದ್ರೆ ನಾನು ಬಾವಲಿ ಪರ. ಕೋಲಾರದ ಎಲೆಮೂಗಿನ ಬಾವಲಿ ಅಂತ ಒಂದಿದೆ, 1994ರಲ್ಲಿ ಹೊಸ ಪ್ರಭೇದ ಅಂತ ವಿಜ್ಞಾನಕ್ಕೆ ಪರಿಚಯ ಆಯ್ತು. ಮುಳಬಾಗಿಲು ದಾರಿ, ಬೆಂಗಳೂರು ದಾರಿ ಅಂತ ನಾವು ದಿನಾ ಓಡಾಡ್ತೀವಿ, ಆದ್ರೆ ಈ ಜೀವ ಬದುಕಿರೋದು ಇದೇ ಜಿಲ್ಲೆಯ ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ, ಲೋಕದಲ್ಲಿ ಬೇರೆಲ್ಲೂ ಅಲ್ಲ. ಇನ್ನೂರಕ್ಕಿಂತ ಕಡಿಮೆ ಉಳಿದಿವೆ ಅಂತ ಅಂದಾಜು. ಮೊದಲು ಇನ್ನೊಂದು ಗುಹೆಯಲ್ಲೂ ಇದ್ವು, ಅಲ್ಲಿ ಇಲ್ಲವಾದ್ವು. ಸುತ್ತ ಗ್ರಾನೈಟಿಗೆ ಬಂಡೆ ಸಿಡಿಸೋ ಆಸೆ. ಮೂಗಿನ ಮೇಲೆ ಎಲೆ ಮಡಚಿಟ್ಟಂಥ ಚರ್ಮ, ಕತ್ತಲೆಯಲ್ಲಿ ಸದ್ದು ಎಸೆದು ಪ್ರತಿಧ್ವನಿಯಲ್ಲಿ ನೋಡುತ್ತೆ. ದೈವಮೃಗಕ್ಕೆ ಇದಕ್ಕಿಂತ ಅರ್ಹತೆ ಇನ್ಯಾವುದಕ್ಕಿದೆ?

ಹಳೇ_ಟಾರ್ಚು

ಟೀಚರ್, ಬಾವಲಿ ಮೇಲೆ ನನಗೂ ಪ್ರೀತಿ. ಆದ್ರೆ ನನ್ನ ಭಯ ಇಲ್ಲೂ ಅದೇ. ಇರೋದು ಒಂದು ಗುಹೆ. ಕಥೆ ಓದಿ ನಾಲ್ಕು ಹುಡುಗರು ಮೊಬೈಲ್ ಲೈಟ್ ಹಾಕ್ಕೊಂಡು ರೀಲ್ಸ್ ಮಾಡೋಕೆ ನುಗ್ಗಿದ್ರೆ ಸಾಕು. ಕೊರೊನಾ ಟೈಮಲ್ಲಿ ಬಾವಲಿ ಇರೋ ಮರನೇ ಕಡೀರಿ ಅಂದೋರನ್ನ ನೋಡಿದ್ದೀವಿ.

ಪಾವಗಡ_ಸೋಲಾರ್

ಟಾರ್ಚು ಅಣ್ಣ ಯಾವುದಕ್ಕೂ ಒಪ್ಪಲ್ಲ. ತೋಳ ಆಗ್ಬಹುದಾ? ನಮ್ಮ ಕಡೆ ಬಯಲಲ್ಲಿ ಕುರಿ ಕಾಯೋರನ್ನ ಕೇಳಿ, ಒಬ್ಬೊಬ್ಬರ ಹತ್ರ ಒಂದೊಂದು ತೋಳದ ಕಥೆ. ಈಗ ಬಯಲೇ ಇಲ್ಲ ಬಿಡಿ, ಸುಮಾರು 13,000 ಎಕರೆ ಸೋಲಾರ್ ಪಾರ್ಕು, ಎಲ್ಲಿ ನೋಡಿದ್ರೂ ನೀಲಿ ಹಲಗೆ. ಅದರ ನಡುವೆ ಒಂಟಿ ತೋಳ ನಡ್ಕೊಂಡು ಹೋಗೋ ಚಿತ್ರ ನೆನೆಸ್ಕೊಳ್ಳಿ. ಬೇಕಿದ್ರೆ ಕೃಷ್ಣಮೃಗ, ಮಧುಗಿರಿ ಮೈದನಹಳ್ಳಿಯಲ್ಲಿ ಅದಕ್ಕೇ ಅಂತ 798 ಎಕರೆ ಇದೆ.

ಶಾಸನ_ಹುಚ್ಚ

ಕೃಷ್ಣಮೃಗ ಅಥವಾ ಯಾವುದೇ ಜಿಂಕೆ ಇಟ್ಟ ಕೂಡಲೇ ಓದುಗನ ತಲೆಯಲ್ಲಿ ಮಾರೀಚ ಓಡಲಾರಂಭಿಸುತ್ತಾನೆ. ಅದರಲ್ಲೂ ಆವಣಿಯವರ ಮುಂದೆ ಚಿನ್ನದ ಜಿಂಕೆಯ ಮಾತೇ ಬೇಡ, ಸೀತೆ ಲವಕುಶರನ್ನು ಹೆತ್ತದ್ದು ತಮ್ಮ ಬೆಟ್ಟದಲ್ಲೇ ಎನ್ನುವವರು ಅವರು.

ಪ್ರಾಣಿಯನ್ನು ಗೌರವಿಸುವ ಹಳೆಯ ರೂಢಿ ಬೇಕಿದ್ದರೆ ಆತಕೂರು ಶಾಸನವನ್ನು ನೋಡಿ. ಕ್ರಿ.ಶ. 949ರ ಆಸುಪಾಸಿನದು, ಗಂಗರ ಬೂತುಗನ ಕಾಲದ್ದು. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿಗಳು ಸೆಣಸುವ ಚಿತ್ರವೂ ಕಲ್ಲಿನ ಮೇಲಿದೆ. ಊರು ಮಂಡ್ಯದ ಕಡೆಯದು, ಆದರೆ ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ನಿಮ್ಮ ಕೋಲಾರವೇ. ನಿಮ್ಮ ಊರಿನ ಕೆರೆ ಏರಿಯ ಮೇಲೆ ಅಂಥದ್ದೊಂದು ಕಲ್ಲಿರಲಿ, ಹಿಂದೊಮ್ಮೆ ಒರತೆಯವರು ಬಂದಾಗ ಸತ್ತ ಪ್ರಾಣಿಗೆ ಊರವರು ನಿಲ್ಲಿಸಿದ್ದು.

ತಟ್ಟೆಇಡ್ಲಿ_ಡಬಲ್‌ಬೆಣ್ಣೆ

ನಮ್ಮ ಬೀದಿ ನಾಯಿಗೆ ಕಲ್ಲಂತೂ ದಿನಾ ಬೀಳುತ್ತೆ.

ಶಿರಾ_ಗಣೆ

ನಾನು ಕಾಡುಗೊಲ್ಲರ ಹಟ್ಟಿಯವನು. ದೇವರೆತ್ತು ಇಡಿ. ಗೂಡಿನ ದನದಲ್ಲಿ ದೇವರಿಗೆ ಬಿಟ್ಟ ಎತ್ತಿಗೆ ನೊಗ ಹೂಡಂಗಿಲ್ಲ, ಮಾರಂಗಿಲ್ಲ, ಹೊಡೆಯಂಗಿಲ್ಲ. ಸತ್ರೆ ಮನುಷ್ಯನಿಗೆ ಮಾಡಿದಂಗೆ ಮಣ್ಣು ಮಾಡ್ತೀವಿ. ಬರಗಾಲದಲ್ಲಿ ಮೇವು ಹುಡ್ಕೊಂಡು ದನ ಹೊಡ್ಕೊಂಡು ಹೋಗೋದು ನಮ್ಮ ಹಿರೀಕರ ಬದುಕಾಗಿತ್ತು. ಎತ್ತು ಮೂಸಿ ನಿಂತ ಕಡೆ ತೋಡಿದ್ರೆ ನೀರು ಅನ್ನೋ ಮಾತು ನಮ್ಮಜ್ಜಿ ಬಾಯಲ್ಲಿ ಕೇಳಿದ್ದೀನಿ. ನಮ್ಮ ದೈವ ಜುಂಜಪ್ಪನ ಕಥೆನ ರಾತ್ರಿಯೆಲ್ಲಾ ಗಣೆ ಊದಿ ಹಾಡೋದನ್ನ ಒಂದು ಸಲ ಬಂದು ಕೇಳಿ. ಉದ್ದನೆ ಬಿದಿರಿನ ಕೊಳಲು, ಉಸಿರು ಮುಗಿದ್ರೂ ಸದ್ದು ಹಟ್ಟಿಯಲ್ಲೇ ಸುತ್ತುತ್ತೆ. ನಿಮ್ಮ ಕಥೆಗೆ ಬೇಕಾದ ಭಯಭಕ್ತಿ ಎಲ್ಲಾ ಅಲ್ಲೇ ಇದೆ.

ಕರಿಕೋಟು_ತುಮಕೂರು

ಗಣೆ ಅವರದ್ದು ಚೆಂದ ಇದೆ. ಆದ್ರೆ ‘ಎತ್ತನ್ನ ಒಂದು ಪಂಥ ಬೇಟೆ ಆಡುತ್ತೆ’ ಅಂತ ಬರೆದ ದಿನವೇ ಇಲ್ಲಿ ಏನಾಗುತ್ತೆ ಅಂತ ಯೋಚಿಸಿ.

ಪಾವಗಡ_ಸೋಲಾರ್

ಅದಕ್ಕೆ ಹೆದರಿದ್ರೆ ಇನ್ನು ಕೋಳಿ ಕಥೆನೂ ಬರೆಯೋಕಾಗಲ್ಲ. ನಮ್ಮ ದೇಶದಲ್ಲಿ ದನ ಅಂದ ತಕ್ಷಣ

(ಈ ಪ್ರತಿಕ್ರಿಯೆಯ ಉಳಿದ ಭಾಗ ಮತ್ತು ಅದಕ್ಕೆ ಬಂದ ಉತ್ತರಗಳನ್ನು ತೆಗೆಯಲಾಗಿದೆ)

ನಿರ್ವಾಹಕರು

ದನದ ರಾಜಕೀಯಕ್ಕೆ ಬೇರೆ ಜಾಗಗಳಿವೆ, ಬೇಕಾದಷ್ಟಿವೆ. ಇಲ್ಲಿ ಕಥೆ. ಎರಡನೇ ಸಲ ಹೇಳಲ್ಲ.

ಶಿರಾ_ಗಣೆ

ನಾನು ಹೇಳಿದ್ದು ನಮ್ಮ ಹಟ್ಟಿ ವಿಷಯ. ಅದು ಹೆಂಗೆ ಅಲ್ಲಿಗೆ ಹೋಯ್ತೋ ಆ ಜುಂಜಪ್ಪನಿಗೇ ಗೊತ್ತು.

ಬಾಗೇಪಲ್ಲಿ_ಬಿಸಿಲು

ಎಲ್ಲಾರೂ ದೊಡ್ಡ ದೊಡ್ಡ ಪ್ರಾಣಿ ಹೇಳ್ತಿದ್ದೀರಾ. ನೀರಿನ ಪಂಥ ಅಂದ್ಮೇಲೆ ಕಪ್ಪೆ ಯಾಕಾಗ್ಬಾರ್ದು?

ನಗಬೇಡಿ. ಮಳೆ ಹೋದ್ರೆ ನಾವು ಯಾರಿಗೆ ಮದುವೆ ಮಾಡ್ತೀವಿ? ಹುಲಿಗಾ? ಕಪ್ಪೆಗೆ. ಒಂದು ಕಡೆ ಹುಡುಗರು ಮಣೆ ಮೇಲೆ ಮಣ್ಣಿನ ಮಳೆರಾಯನ್ನ ಹೊತ್ಕೊಂಡು ಮನೆ ಮನೆಗೆ ಹೋಗಿ ನೀರು ಹುಯ್ಯಿಸ್ಕೊಳ್ತಾರೆ, ಇನ್ನೊಂದು ಕಡೆ ಕಪ್ಪೆ ಮದುವೆ. ನಾನೂ ಮಳೆರಾಯನ ಮಣೆ ಹೊತ್ತವಳೇ, ಹುಡುಗರು ಯಾರೂ ಸಿಗದ ವರ್ಷ.

ನಮ್ಮ ಕೆರೆ ಒಣಗಿ ಬಿರುಕು ಬಿಟ್ಟಿದ್ದಾಗ ಹೂಳೆತ್ತೋಕೆ ಜೆಸಿಬಿ ಬಂತು. ಆಳಿನೆತ್ತರ ಅಗೆದ ಹೆಂಟೆ ಒಡೆದ್ರೆ ಒಳಗೆ ಕಪ್ಪೆ! ರಾಗಿ ಮುದ್ದೆ ಥರ ಗುಂಡಗೆ ಉಬ್ಬಿಸ್ಕೊಂಡು, ಕಾಲು ಒಳಗೆ ಎಳ್ಕೊಂಡು, ಕಣ್ಣು ಮುಚ್ಕೊಂಡು ಕೂತಿದೆ. ಸತ್ತಿದೆ ಅಂದ್ಕೊಂಡ್ವಿ. ಬಾಟಲಿಯಿಂದ ನಾಲ್ಕು ಹನಿ ಬಿಟ್ಟೆ. ಗಂಟಲ ಹತ್ರ ಚರ್ಮ ಟಪ್ ಟಪ್ ಅಂತ ಬಡ್ಕೊಳ್ಳೋಕೆ ಶುರು ಆಯ್ತು. ಜೆಸಿಬಿ ಡ್ರೈವರ್ ಇಳಿದು ಬಂದು ಚಪ್ಪಲಿ ಬಿಟ್ಟು ಕೈಮುಗಿದ. ನಾವು ಯಾರೂ ಹೇಳಿರ್ಲಿಲ್ಲ.

ಕೋಲಾರಮ್ಮನ_ಮೊಮ್ಮಗ

ಚೇಳಿಗಿಂತ ಕಪ್ಪೆ ದೈವನಾ? ಏನ್ ಕಾಲ ಬಂತಪ್ಪ.

ಬೆಟ್ಟಹತ್ತೋ_ಟೀಚರ್

ಬಿಸಿಲು ಅಕ್ಕ ನೋಡಿದ್ದು ಬಿಲ ತೋಡೋ ಕಪ್ಪೆ ಜಾತಿ ಇರಬೇಕು, ನಮ್ಮ ಬಯಲುಸೀಮೆಯಲ್ಲಿ ಸಾಮಾನ್ಯ. ಹಿಂಗಾಲಿನ ಪಾದದಲ್ಲಿ ಸಲಿಕೆ ಥರ ಗಟ್ಟಿ ಅಂಚು ಇರುತ್ತೆ, ಹಿಂದಕ್ಕೆ ಹಿಂದಕ್ಕೆ ತೋಡ್ಕೊಂಡು ಇಳಿಯುತ್ತೆ. ಮುಖ ಕೊನೆಗೆ ಮುಳುಗೋದು. ಒಣಗಾಲ ಪೂರ್ತಿ ಒಳಗೇ.

ಇದಕ್ಕಿಂತ ಮಜಾ ಇನ್ನೊಂದಿದೆ. ಅಮೆರಿಕದ ಮರುಭೂಮಿಯಲ್ಲಿ ಇದೇ ಥರ ನೆಲದಡಿ ಮಲಗೋ ಸ್ಪೇಡ್‌ಫುಟ್ ಅನ್ನೋ ಕಪ್ಪೆ ಇದೆ. ಅದು ಏಳೋದು ನೆಲ ನೆಂದಿದ್ದಕ್ಕಲ್ಲ, ಮಳೆ ಬೀಳೋ ಅದುರಿಗೆ. ವಿಜ್ಞಾನಿಗಳು ಒಣನೆಲದಲ್ಲಿ ಒಂದು ಎಲೆಕ್ಟ್ರಿಕ್ ಮೋಟಾರಿಟ್ಟು ನೆಲ ನಡುಗಿಸಿದ್ರು. ಮಳೆ ಬಂತು ಅಂದ್ಕೊಂಡು ಕಪ್ಪೆಗಳು ಬಿಸಿಲಿಗೇ ಎದ್ದು ಬಂದ್ವು.

ಬಂಗಾರಪೇಟೆ_ಬಿಳಿಪಾನಿ

ಒಂದು ನಿಮಿಷ. ನೆಲ ನಡುಗಿಸಿದ್ರೆ ಏಳುತ್ತೆ ಅಂದ್ರಾ?

ಬೋರ್ ಲಾರಿ!!

ಗುಡಿಬಂಡೆ_ಗಾಳಿ

ಮೈ ಜುಮ್ಮೆಂದಿತು. ಬಿಳೀ ಷರ್ಟಿನವನು ಪಾಯಿಂಟ್ ತೋರಿಸ್ತಾನೆ, ಒಣಗಿದ ಕೆರೆ ಅಂಗಳದಲ್ಲಿ ರಿಗ್ ನಿಲ್ಲುತ್ತೆ, ರಾತ್ರಿಯೆಲ್ಲಾ ನೆಲ ಗುದ್ದುತ್ತೆ. ಊರವರು ನೀರಿಗೆ ಕಾಯ್ತಿದ್ದಾರೆ, ಒರತೆಯವರು ಕಪ್ಪೆಗೆ ಕಾಯ್ತಿದ್ದಾರೆ. ದುಡ್ಡು ಕೊಟ್ಟೋರು ಊರವರೇ!

ಇರುಳ್ಗತೆ_ಕೊರಟಗೆರೆ

ಕಪ್ಪೆನೇ. ಇನ್ನು ಬದಲಿಸಲ್ಲ. ಕೊಟ್ಟಿಗೆಯಷ್ಟು ದೊಡ್ಡ ಕಪ್ಪೆ, ಕೆರೆ ಕಟ್ಟೋಕೆ ಮುಂಚೆಯಿಂದ ಅಲ್ಲಿ ಮಲಗಿದೆ, ಅದು ಹೊರಳಿದ ಕಡೆ ಒರತೆ ಏಳುತ್ತೆ. ನಿಂಬೆಹಣ್ಣು ಕೂಡ ಉಳ್ಕೊಳ್ತು ನೋಡಿ, ಬೋರ್ ಹಾಕೋ ಮುಂಚೆ ಎಲ್ಲಾರೂ ಲಾರಿಗೆ ಪೂಜೆ ಮಾಡಿ ನಿಂಬೆಹಣ್ಣು ಇಡ್ತಾರಲ್ಲ. ಪಂಥದ ಪೂಜೆಗೂ ಊರಿನ ಪೂಜೆಗೂ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ.

ಟಾರ್ಚು ಸಾರ್, ನಿಮ್ಮ ಒಪ್ಪಿಗೆ ಇದೆಯಾ?

ಹಳೇ_ಟಾರ್ಚು

ಕಪ್ಪೆನೂ ನಾವು ಬಿಟ್ಟಿಲ್ಲ. ಕಾಲಿಗೋಸ್ಕರ ಟನ್‌ಗಟ್ಟಲೆ ಹಿಡಿದು ಹೊರದೇಶಕ್ಕೆ ಕಳಿಸ್ತಿದ್ರು, 1987ರಲ್ಲಿ ಆ ರಫ್ತು ನಿಂತಿದ್ದು. ಆದ್ರೆ ಕಪ್ಪೆ ಕಣ್ಣಲ್ಲಿ ನಿಧಿ ಕಾಣುತ್ತೆ ಅನ್ನೋ ಮಾತು ನಮ್ಮ ಟೀ ಅಂಗಡಿಗಳಲ್ಲಿ ನಾನು ಕೇಳಿಲ್ಲ. ಒಪ್ಪಿಗೆ. ಕೊಂದು ತಿಂದ್ರೆ ನೀರಿನ ಸದ್ದು ಕೇಳುತ್ತೆ ಅನ್ನೋದನ್ನ ಮಾತ್ರ ತೆಗೀರಿ. ಅದು ಜೀವಂತ ಸಿಕ್ಕಿದ್ರೇ ಅವರಿಗೆ ಲಾಭ ಅಂತಿರಲಿ. ಕೊಂದ್ರೆ ಒರತೆ ಬತ್ತಬೇಕು.

ಪಾವಗಡ_ಸೋಲಾರ್

ಅಂತೂ ಒಂದಕ್ಕೆ ಒಪ್ಪಿದ್ರು. ಸಿಹಿ ಹಂಚಿ.

ಕರಿಕೋಟು_ತುಮಕೂರು

ಕೆರೆ ಅಂಗಳದಲ್ಲಿ ಸುಮ್ನೆ ಹೋಗಿ ಬೋರ್ ಕೊರೆಸೋಕೆ ಬರಲ್ಲ, ಅದು ಸರ್ಕಾರಿ ಜಾಗ. 2011ರ ಅಂತರ್ಜಲ ಕಾಯ್ದೆ ಬೇರೆ ಇದೆ. ಪಂಚಾಯ್ತಿಯಲ್ಲಿ ಯಾರನ್ನ ಹೇಗೆ ಒಪ್ಪಿಸಿದ್ರು ಅನ್ನೋದಕ್ಕೇ ಒಂದು ಕಂತು ಬೇಕು. ಅದೇ ಎಲ್ಲಕ್ಕಿಂತ ಭಯಂಕರ ಕಂತಾಗುತ್ತೆ ಅಂತ ನನ್ನ ಅನುಭವ.

ಶಿರಾ_ಗಣೆ

ಕಪ್ಪೆ ಎದ್ದಾಗ ಮೊದಲು ಗೊತ್ತಾಗೋದು ದನಕ್ಕೆ. ಆ ರಾತ್ರಿ ಊರಿನ ದನ ಒಂದೂ ಮಲಗಲ್ಲ ಅಂತ ಬರೀರಿ. ದೇವರೆತ್ತಿಗೆ ಅಷ್ಟಾದ್ರೂ ಜಾಗ ಕೊಡಿ.

ಇರುಳ್ಗತೆ_ಕೊರಟಗೆರೆ

ಕೊಟ್ಟೆ ಗಣೆ ಅಣ್ಣ. ಮೂಗುದಾರ ಹರ್ಕೊಂಡು ಕೆರೆ ಏರಿ ಮೇಲೆ ಬಂದು ನಿಲ್ಲುತ್ತೆ.

ಯಾರಾದ್ರೂ ರಿಗ್‌ನಲ್ಲಿ ಕೆಲಸ ಮಾಡಿದೋರು ಇದ್ದೀರಾ? ಲಾರಿ ಬಂದ ಗಳಿಗೆಯಿಂದ ಏನೇನಾಗುತ್ತೆ ಅಂತ ಬೇಕು. ನಾನು ದೂರದಿಂದ ನೋಡಿದ್ದೇ ಜಾಸ್ತಿ.

ರಾಡ್_ನಂಬರ್_70

ನಾನು ರಿಗ್‌ನಲ್ಲಿ ಇದ್ದೆ, ಈಗ ಬಿಟ್ಟಿದ್ದೀನಿ. ಎರಡು ಲಾರಿ ಬರುತ್ತೆ. ಒಂದರಲ್ಲಿ ರಿಗ್ಗು, ಇನ್ನೊಂದರಲ್ಲಿ ಕಂಪ್ರೆಸರ್ ಮತ್ತೆ ರಾಡು. ಮೊದಲು ಜಾಕಿ ಇಳಿಸಿ ಲಾರಿನ ಮಟ್ಟ ಮಾಡ್ತಾರೆ. ಆಮೇಲೆ ಪೂಜೆ, ಕಾಯಿ, ಕರ್ಪೂರ. ಬಿಟ್ ನೆಲಕ್ಕೆ ಕೂತು ಹ್ಯಾಮರ್ ಶುರು ಆದ್ರೆ ಪಕ್ಕದವನ ಮಾತು ಕೇಳಲ್ಲ, ಬರೀ ಕೈಸನ್ನೆ. ಆರೂವರೆ ಇಂಚು ತೂತು. ಒಂದೊಂದು ರಾಡು 20 ಅಡಿ. ಮಣ್ಣು ಮುಗಿದು ಗಟ್ಟಿ ಕಲ್ಲು ಸಿಗೋವರೆಗೆ ಕೇಸಿಂಗ್ ಪೈಪ್ ಇಳಿಸ್ತೀವಿ. ಕಲ್ಲು ಸಿಕ್ಕ ಮೇಲೆ ಕೇಸಿಂಗ್ ಇಲ್ಲ, ಬರೀ ತೂತು. ಬೂದಿ ಬಣ್ಣದ ಧೂಳು ಮೇಲಕ್ಕೆ ಹಾರ್ತಾ ಇರುತ್ತೆ, ಹುಬ್ಬೆಲ್ಲಾ ಬೆಳ್ಳಗಾಗುತ್ತೆ. ಓನರ್ ಆ ಧೂಳನ್ನೇ ಕೈಯಲ್ಲಿ ಹಿಡಿದು ಹಿಸುಕಿ ನೋಡ್ತಾ ಕೂತಿರ್ತಾನೆ. ತೇವ ಸಿಕ್ಕಿದ್ರೆ ಧೂಳು ನಿಲ್ಲುತ್ತೆ, ಕೆಸರು ಉಗುಳೋಕೆ ಶುರು ಆಗುತ್ತೆ. ಆಗ ಎಲ್ಲಾರೂ ಓಡಿಬರ್ತಾರೆ. ಸಾವಿರ ಅಡಿ ದಾಟಿದ ಮೇಲೂ ಬರೀ ಧೂಳೇ ಬಂದ್ರೆ ಓನರ್ ಮುಖ ನೋಡೋಕೆ ನಮಗಾಗಲ್ಲ, ನಾವು ರಾಡ್ ಕಡೆ ತಿರುಗಿ ನಿಲ್ತೀವಿ. ಅಡಿಗಿಷ್ಟು ಅಂತ ಲೆಕ್ಕ, ನೀರು ಬರ್ಲಿ ಬಿಡ್ಲಿ.

ಒಂದು ಕೇಳ್ಕೋತೀನಿ. ರಿಗ್ ಗಾಡಿ ಸುಮಾರು ತಮಿಳುನಾಡಿನ ತಿರುಚೆಂಗೋಡು ಕಡೆಯವು, ಕೆಲಸದ ಹುಡುಗರು ಎಲ್ಲೆಲ್ಲಿಂದಲೋ ಬಂದೋರು, ಲಾರಿ ಅಡೀಲಿ ಚಾಪೆ ಹಾಕ್ಕೊಂಡು ಮಲಗ್ತಾರೆ. ಅವರನ್ನ ಪಂಥದವರು ಮಾಡಬೇಡಿ.

ಗುಡಿಬಂಡೆ_ಗಾಳಿ

ಇದನ್ನೇ ನಾನೂ ಹೇಳೋಣ ಅಂತಿದ್ದೆ. ಹೊರಗಿನ ಹುಡುಗರು ಕಪ್ಪೆ ನೋಡಿ ಮಷೀನ್ ಆಫ್ ಮಾಡ್ಬೇಕು. ಚಾಲೂ ಮಾಡು ಅಂತ ಕಿರುಚೋನು ಊರಿನವನೇ ಆಗಿರ್ಲಿ.

ಬಾಗೇಪಲ್ಲಿ_ಬಿಸಿಲು

ಅವನಿಗೂ ನ್ಯಾಯ ಇರ್ಬೇಕು ಆದ್ರೆ. ಎರಡು ಬೋರ್ ಫೇಲಾದೋನು, ಮಗಳ ಮದುವೆ ಮುಂದೆ ಇರೋನು. ನಾನಾಗಿದ್ರೂ ಚಾಲೂ ಮಾಡು ಅಂತಿದ್ನೋ ಏನೋ.

ಇರುಳ್ಗತೆ_ಕೊರಟಗೆರೆ

ರಾಡ್ ಅಣ್ಣ, ನಿಮ್ಮ ಧೂಳು ಹಿಸುಕೋ ಓನರ್ ನನ್ನ ಕಥೆಗೆ ಬಂದಾಯ್ತು. ಇನ್ನೊಂದೇ ಪ್ರಶ್ನೆ. ಕೆರೆ ಅಂಗಳ ಅಂದ್ರೆ ಕಪ್ಪೆ ಎಷ್ಟನೇ ಅಡಿಗೆ ಸಿಗ್ಬಹುದು? ನಾನು ಸಾವಿರದ ಮುನ್ನೂರು ಅಂತ ಬರೆದಿದ್ದೀನಿ.

ರಾಡ್_ನಂಬರ್_70

ಅಷ್ಟು ಆಳದಲ್ಲಿ ಬರೀ ಕಲ್ಲು ಸಾರ್, ಕಪ್ಪೆ ಹೆಂಗೆ ಹೋಗುತ್ತೆ? ಕೆರೆ ಅಂಗಳದಲ್ಲಿ ಹೂಳು, ಅದರ ಕೆಳಗೆ ಜೇಡಿ, ಆಮೇಲೆ ಮೆತ್ತನೆ ಕಲ್ಲು. ಕೇಸಿಂಗ್ ಮುಗಿಯೋದ್ರೊಳಗೆ ಸಿಗ್ಬೇಕು. ಮೊದಲನೇ ರಾಡು, ಹೆಚ್ಚಂದ್ರೆ ಎರಡನೇದು.

ತಟ್ಟೆಇಡ್ಲಿ_ಡಬಲ್‌ಬೆಣ್ಣೆ

ಹಂಗಾದ್ರೆ ಬಿಲ್ 40 ಅಡಿಗೆ ಮಾತ್ರ ಕೊಡಿ.

ರಾಡ್_ನಂಬರ್_70

ಕೊಡಲ್ಲ ಅಂದ್ರೆ ಗಾಡಿ ಬಾಡಿಗೆ ಬೇರೆ ಹಾಕ್ತೀವಿ.